ಹುರಿದ ಕಾಫಿಗೆ ಋತುವಿನ ಸುವಾಸನೆ: ಸಣ್ಣ ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ಕಾಫಿ ಬೆಳೆದವರು ತಾವೇ ಕಾಫಿಯನ್ನು ಹುರಿದು, ಪುಡಿ ಮಾಡಿ, ಏಲಕ್ಕಿ, ಶುಂಠಿ, ದಾಲ್ಚಿನ್ನಿಗಳ ಸುವಾಸನೆ ಸೇರಿಸಿ ಮಳೆಗಾಲಕ್ಕೊಂದು, ಹಬ್ಬಕ್ಕೊಂದು ಎಂದು ಸಣ್ಣ ಪೊಟ್ಟಣಗಳಲ್ಲಿ ಮಾರುವುದು ಈಚಿನ ವರ್ಷಗಳಲ್ಲಿ ಮಲೆನಾಡಿನಲ್ಲಿ ಕಂಡುಬರುತ್ತಿರುವ ಉದ್ಯಮ. ತರಬೇತಿಗೆ ಬರುವ ಹಲವರು ಇದರ ಬಗ್ಗೆ ಕೇಳುತ್ತಾರೆ. "ಹುರಿಯುವ ಯಂತ್ರ ಕೊಳ್ಳಲೇ, ಬೇಡವೇ?" ಎಂಬುದು ಅವರ ಮೊದಲ ಪ್ರಶ್ನೆ. ಆದರೆ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೆ ಮುನ್ನ ತಿಳಿಯಬೇಕಾದ ಸಂಗತಿಗಳು ಅನೇಕ ಇವೆ. ಅವನ್ನು ಅರಿಯದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ.

ನನ್ನ ಅಣ್ಣನಿಗೆ ಐದು ಎಕರೆ ರೋಬಸ್ಟಾ ತೋಟವಿದೆ. ಕೆಲವು ವರ್ಷಗಳ ಹಿಂದೆ ಅಣ್ಣ, ಅತ್ತಿಗೆ ಇಬ್ಬರೂ ಸೇರಿ ಒಂದು ಸಣ್ಣ ಹುರಿಯುವ ಯಂತ್ರ ತಂದರು. ಮಳೆಗಾಲಕ್ಕೆ ಶುಂಠಿ ಬೆರೆಸಿದ ಬೆಲ್ಲದ ಕಾಫಿಪುಡಿ ಮಾಡಿದರೆ ಚೆನ್ನಾಗಿ ಮಾರಾಟವಾಗುತ್ತದೆ ಎಂದು ಸಲಹೆ ಕೊಟ್ಟವನು ನಾನೇ. ಜೂನ್ ತಿಂಗಳಲ್ಲಿ 40 ಕಿಲೋಗ್ರಾಂ ಪುಡಿ ತಯಾರಾಗಿ ಅಂಗಡಿಗಳಿಗೆ ಹೋಯಿತು. ಎರಡೇ ವಾರದಲ್ಲಿ ಕೆಲವು ಪೊಟ್ಟಣಗಳು ಚೆಂಡಿನಂತೆ ಉಬ್ಬಿದವು, ಉಳಿದವು ಒಳಗೇ ಗಟ್ಟಿಯಾಗಿ ಇಟ್ಟಿಗೆಯಂತಾದವು. ಎಲ್ಲವೂ ಹಿಂದಕ್ಕೆ ಬಂದವು. ಅತ್ತಿಗೆ ಬೈಯಲಿಲ್ಲ. "ನೀವು ಗಿಡ ಓದಿದ್ದೀರಿ, ಪುಡಿ ಓದಿಲ್ಲ" ಎಂದರು, ಅಷ್ಟೆ. ಆ ಮಾತು ನಿಜವಾಗಿತ್ತು. ಬೇಸಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನಿಗೆ ಕಣದಿಂದ ಮುಂದಿನ ಕಾಫಿ ತಿಳಿದಿರಲಿಲ್ಲ. ಅಂದಿನಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಬೇಳೆಯಿಂದ ಮುಂದಕ್ಕೆ ಹೋಗುವ ದಾರಿ

ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವುದು ಕರ್ನಾಟಕ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚಿನವು 10 ಹೆಕ್ಟೇರಿಗಿಂತ ಚಿಕ್ಕವು. 1942ರ ಕಾಫಿ ಕಾಯಿದೆಯ ನಂತರ ದಶಕಗಳ ಕಾಲ ಬೆಳೆಗಾರರು ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ತೆರವಾಯಿತು. ಬೆಳೆದವನೇ ಹುರಿದು ಮಾರುವ ದಾರಿ ತೆರೆದದ್ದು ಹೀಗೆ.

ದಾರಿ ತೆರೆದರೂ ನಮ್ಮಲ್ಲಿ ಬಹುಪಾಲು ಜನ ಇಂದಿಗೂ ಚೆರಿ ಅಥವಾ ಪಾರ್ಚ್‌ಮೆಂಟ್ ಹಂತದಲ್ಲೇ ಮಾರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಲೆ ಚೆನ್ನಾಗಿರುವ ವರ್ಷ ಕಣದಿಂದಲೇ ಮಾರುವುದು ಜಾಣತನವೂ ಆಗಬಹುದು. ಆದರೆ ಬೆಲೆ ಕುಸಿದ ವರ್ಷ ಮನೆ ನಡೆಯಬೇಕಾದರೆ ಬೆಳೆಯ ಒಂದು ಸಣ್ಣ ಪಾಲಿಗಾದರೂ ಬೇರೆ ಮಾರುಕಟ್ಟೆ ಇರಬೇಕು. ಸುವಾಸನೆಯ ಕಾಫಿ ಅಂತಹ ಒಂದು ಮಾರುಕಟ್ಟೆ. ಇಡೀ ಬೆಳೆಯನ್ನು ಅದಕ್ಕೆ ಒಡ್ಡುವುದು ಸರಿಯಲ್ಲ. ಇಲ್ಲಿ ಹೇಳುವುದೆಲ್ಲ ಬೆಳೆಯ ಹತ್ತನೆಯ ಒಂದು ಪಾಲನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು.

ಈ ಸುವಾಸನೆ ಹೊಸದೇ?

ಕಾಫಿಗೆ ಮಸಾಲೆ ಸೇರಿಸುವುದು ಹೊಸ ಪದ್ಧತಿಯಲ್ಲ. ಅರಬ್ ನಾಡುಗಳಲ್ಲಿ ಏಲಕ್ಕಿ ಹಾಕಿದ ಕಾಫಿ ಅತಿಥಿ ಸತ್ಕಾರದ ಭಾಗ. ಯೆಮನ್ ದೇಶದಲ್ಲಿ ಕಾಫಿ ಹಣ್ಣಿನ ಒಣಸಿಪ್ಪೆಗೆ ಶುಂಠಿ ಸೇರಿಸಿ ಕುದಿಸಿದ ಪಾನೀಯವನ್ನು ಕುಡಿಯುತ್ತಾರೆ. ಬಾಬಾ ಬುಡನ್ ಅವರು ಏಳು ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದದ್ದು ಆ ಯೆಮನ್‌ನಿಂದಲೇ ಎಂಬ ಪ್ರತೀತಿ ನಮಗೆಲ್ಲ ತಿಳಿದದ್ದೇ. ನಮ್ಮ ಮಲೆನಾಡಿನ ಮನೆಗಳಲ್ಲಿ ಬೆಲ್ಲದ ಕಾಫಿ, ಜಡಿಮಳೆಯಲ್ಲಿ ಮೆಣಸು ಜಜ್ಜಿ ಹಾಕಿದ ಕಾಫಿ ಹಿಂದಿನಿಂದಲೂ ಇವೆ.

ಹೊಸದಾಗಿರುವುದು ಇದನ್ನು ಋತುಮಾನಕ್ಕೆ ಕಟ್ಟಿ ಮಾರುವ ರೀತಿ. ಅಮೆರಿಕದ ಸ್ಟಾರ್‌ಬಕ್ಸ್ ಕಂಪನಿಯು 2003ರಲ್ಲಿ ಶರತ್ಕಾಲಕ್ಕೆಂದು ಕುಂಬಳಕಾಯಿ ಮಸಾಲೆಯ ಕಾಫಿಯನ್ನು ಹೊರತಂದಿತು. ಮೊದಲ 12 ವರ್ಷ ಅದರಲ್ಲಿ ಕುಂಬಳಕಾಯಿಯೇ ಇರಲಿಲ್ಲ. 2015ರಲ್ಲಷ್ಟೇ ಅದರ ತಿರುಳನ್ನು ಸೇರಿಸಿದರು. ಜನರನ್ನು ಸೆಳೆದದ್ದು ದಾಲ್ಚಿನ್ನಿ, ಜಾಯಿಕಾಯಿ, ಲವಂಗಗಳ ವಾಸನೆ, ಮತ್ತು ವರ್ಷದಲ್ಲಿ ಕೆಲವೇ ವಾರ ಸಿಗುತ್ತದೆ ಎಂಬ ಭಾವನೆ. ಆ ದೇಶದ ಅನೇಕ ಸಣ್ಣ ಹುರಿಯುವ ಸಂಸ್ಥೆಗಳೂ ಹೀಗೆಯೇ ಋತುವಿಗೊಂದು ಕಾಫಿ, ಋತುವಿಗೊಂದು ಚಹಾ ಮಾಡುತ್ತವೆ. ಅವರು ದೂರದಿಂದ ತರಿಸಿಕೊಳ್ಳುವ ಈ ಮಸಾಲೆಗಳಲ್ಲಿ ಕೆಲವು ನಮ್ಮ ಕಾಫಿ ಗಿಡದ ಮಗ್ಗುಲಲ್ಲೇ ಬೆಳೆಯುತ್ತವೆ. ನೆರಳು ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿರುವ ಏಲಕ್ಕಿ ಹಿಂಡಿಲು, ಗದ್ದೆ ಬದಿಯ ಶುಂಠಿ, ಇವೇ ನಮ್ಮ ಬಂಡವಾಳ.

ಸುವಾಸನೆ ಸೇರಿಸುವ ಎರಡು ವಿಧಾನ

ಮೊದಲನೆಯದು ದ್ರವರೂಪದ ಸುವಾಸನೆ. ದೊಡ್ಡ ಕಾರ್ಖಾನೆಗಳಲ್ಲಿ ಹುರಿದ ಬೀಜದ ಮೇಲೆ ಅದರ ತೂಕದ ಶೇಕಡಾ 2ರಿಂದ 3ರಷ್ಟು ದ್ರವವನ್ನು ಸಿಂಪಡಿಸಿ ಉರುಳಿಸುತ್ತಾರೆ. ಈ ವಿಧಾನದಲ್ಲಿ ಒಂದು ಅಪಾಯವಿದೆ. ಬೆಣ್ಣೆಯ ರುಚಿ ಕೊಡುವ ಕೆಲವು ಸುವಾಸನಾ ದ್ರವಗಳಲ್ಲಿ ಡೈಅಸಿಟೈಲ್ ಎಂಬ ರಾಸಾಯನಿಕವಿರುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಕಾಫಿ ಕಾರ್ಖಾನೆಯೊಂದರಲ್ಲಿ ಸುವಾಸನೆ ಬೆರೆಸುವ ಕೆಲಸದಲ್ಲಿದ್ದವರಿಗೆ ಶ್ವಾಸಕೋಶದ ಸಣ್ಣ ನಾಳಗಳು ಶಾಶ್ವತವಾಗಿ ಕಟ್ಟಿಕೊಳ್ಳುವ ರೋಗ ಬಂದದ್ದನ್ನು 2013ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ವರದಿ ಮಾಡಿತು. ಮನೆಯ ಹಿಂಬದಿಯ ಕೋಣೆಯಲ್ಲಿ, ಗಾಳಿ ಆಡದ ಜಾಗದಲ್ಲಿ, ಹೆಂಡತಿ ಮಕ್ಕಳು ಕೂಡಿ ಮಾಡುವ ಕೆಲಸಕ್ಕೆ ಈ ದ್ರವಗಳು ತಕ್ಕವಲ್ಲ.

ಎರಡನೆಯದು ನಿಜವಾದ ಮಸಾಲೆಯನ್ನೇ ಒಣಗಿಸಿ, ಪುಡಿ ಮಾಡಿ ಬೆರೆಸುವುದು. ವಾಸನೆ ಅಷ್ಟು ಜೋರಾಗಿರುವುದಿಲ್ಲ, ಹೆಚ್ಚು ಕಾಲ ಉಳಿಯುವುದೂ ಇಲ್ಲ. ಆದರೆ ಬೆರೆಸುವವರಿಗೆ ಕ್ಷೇಮ, ಕುಡಿಯುವವರಿಗೂ ಏನು ಕುಡಿಯುತ್ತಿದ್ದೇವೆಂಬುದು ತಿಳಿದಿರುತ್ತದೆ. ಸಣ್ಣ ಬೆಳೆಗಾರರಿಗೆ ಈ ವಿಧಾನವನ್ನೇ ಶಿಫಾರಸು ಮಾಡಲಾಗಿದೆ.

ಯಾವ ಕಾಫಿ ಆರಿಸಬೇಕು?

ಮಸಾಲೆ ಹಾಕಿದರೆ ಕಾಫಿಯ ದೋಷ ಮುಚ್ಚಿಹೋಗುತ್ತದೆ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಕರಿಬೀಜ, ಒಡಕು, ಮುಗ್ಗಲು ಹಿಡಿದ ಚೆರಿಯನ್ನು ಸುವಾಸನೆಯ ಪುಡಿಗೆ ಬಳಸಿದರೆ ಮೊದಲ ಗುಟುಕಿನಲ್ಲಿ ಏಲಕ್ಕಿ, ಎರಡನೆಯದರಲ್ಲಿ ಮುಗ್ಗಲು ವಾಸನೆ ಬರುತ್ತದೆ. ಅಂತಹ ಪೊಟ್ಟಣವನ್ನು ಯಾರೂ ಎರಡನೆಯ ಬಾರಿ ಕೊಳ್ಳುವುದಿಲ್ಲ. ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಪೂರ್ತಿ ಹಣ್ಣಾದ ಕಾಯನ್ನು ಮಾತ್ರ ಕೊಯ್ದು ಅಂದೇ ಪಲ್ಪ್ ಮಾಡಿದ ಪಾರ್ಚ್‌ಮೆಂಟ್ ಕಾಫಿ ಉತ್ತಮ. ರೋಬಸ್ಟಾದಲ್ಲೂ ಪಾರ್ಚ್‌ಮೆಂಟ್ ಮಾಡಿದರೆ ಒರಟುತನ ಕಡಿಮೆಯಾಗುತ್ತದೆ.

2. ಪಾರ್ಚ್‌ಮೆಂಟ್ ತೇವಾಂಶ ಶೇಕಡಾ 10ಕ್ಕೆ ಬರುವವರೆಗೆ ಒಣಗಿಸಬೇಕು. ಹಲ್ಲಿನಲ್ಲಿ ಕಚ್ಚಿ ನೋಡುವ ಪರೀಕ್ಷೆ ಸಾಲದು. ತೇವಾಂಶ ಮಾಪಕದಿಂದ ಅಳೆಯಬೇಕು.

3. ಚೆರಿಯನ್ನು ದಪ್ಪವಾಗಿ ಹರಡಿ ನಿಧಾನವಾಗಿ ಒಣಗಿಸಿದರೆ ಶಿಲೀಂಧ್ರ ಬೆಳೆದು ಆಕ್ರಾಟಾಕ್ಸಿನ್ ಎಂಬ ವಿಷವಸ್ತು ಉಂಟಾಗುತ್ತದೆ. ಹುರಿದಾಗ ಇದು ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಣದಲ್ಲೇ ಎಚ್ಚರ ವಹಿಸಬೇಕು.

4. ಅರೇಬಿಕಾದಲ್ಲಿ ಹುಳಿ ಮತ್ತು ಪರಿಮಳ ಹೆಚ್ಚು. ಏಲಕ್ಕಿ, ದಾಲ್ಚಿನ್ನಿಗೆ ಹೊಂದುತ್ತದೆ. ರೋಬಸ್ಟಾದಲ್ಲಿ ಕಹಿ ಮತ್ತು ಗಾಢತೆ ಹೆಚ್ಚು, ಕೆಫೀನ್ ಸುಮಾರು ಎರಡರಷ್ಟು; ಶುಂಠಿ, ಮೆಣಸು, ಬೆಲ್ಲಕ್ಕೆ ಹೊಂದುತ್ತದೆ. ಎರಡನ್ನೂ ಅರ್ಧರ್ಧ ಬೆರೆಸಿಯೂ ನೋಡಬಹುದು.

ಹುರಿಯುವ ಕ್ರಮ

ಹಸಿರು ಬೇಳೆಯನ್ನು ಹುರಿದಾಗ ಅದರ ತೂಕ ಶೇಕಡಾ 14ರಿಂದ 20ರವರೆಗೆ ಕಡಿಮೆಯಾಗುತ್ತದೆ, ಗಾತ್ರ ಹಿಗ್ಗುತ್ತದೆ. ಸಣ್ಣ ಡ್ರಮ್ ಯಂತ್ರದಲ್ಲಿ ಒಂದು ಹದ ಹುರಿಯಲು ಸಾಮಾನ್ಯವಾಗಿ 10ರಿಂದ 15 ನಿಮಿಷ ಹಿಡಿಯುತ್ತದೆ. ಬೀಜದ ಉಷ್ಣಾಂಶ ಸುಮಾರು 196 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅರಳು ಸಿಡಿದಂತೆ ಚಟಚಟ ಶಬ್ದ ಕೇಳಿಬರುತ್ತದೆ. ಇದಕ್ಕೆ ಮೊದಲ ಸಿಡಿತ ಎನ್ನುತ್ತಾರೆ. ಸುವಾಸನೆಯ ಕಾಫಿಗೆ ಈ ಶಬ್ದ ನಿಂತ ಸ್ವಲ್ಪ ಹೊತ್ತಿಗೆ, ಬೀಜದ ಮೇಲೆ ಎಣ್ಣೆ ಕಾಣಿಸಿಕೊಳ್ಳುವ ಮೊದಲೇ, ಕೆಳಗಿಳಿಸಬೇಕು. ಕಪ್ಪಗೆ ಹುರಿದರೆ ಸುಟ್ಟ ಕಹಿಯು ಮಸಾಲೆಯನ್ನು ನುಂಗಿಹಾಕುತ್ತದೆ. ಇಳಿಸಿದ ಬೀಜವನ್ನು ಗಾಳಿಯಿಂದ ನಾಲ್ಕೈದು ನಿಮಿಷದೊಳಗೆ ತಣಿಸಬೇಕು. ನೀರು ಚಿಮುಕಿಸಕೂಡದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಒಂದು, ಹುರಿಯುವಾಗ ಬೀಜದಿಂದ ಬಿಡಿಸಿಕೊಳ್ಳುವ ತೆಳುಹೊಟ್ಟು ಬಹುಬೇಗ ಬೆಂಕಿ ಹಿಡಿಯುತ್ತದೆ. ಅದು ಸೇರುವ ಡಬ್ಬಿ ಮತ್ತು ಕೊಳವೆಯನ್ನು ದಿನವೂ ಶುಚಿ ಮಾಡಬೇಕು. ಎರಡು, ಹುರಿದ ಕಾಫಿ ಹಲವು ದಿನಗಳವರೆಗೆ ಇಂಗಾಲದ ಡೈಆಕ್ಸೈಡನ್ನೂ, ಅದರೊಂದಿಗೆ ಕಾರ್ಬನ್ ಮಾನಾಕ್ಸೈಡನ್ನೂ ಹೊರಬಿಡುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಪಾಯ ತರಬಲ್ಲದು. ಪುಡಿ ಮಾಡುವಾಗ ಈ ಅನಿಲಗಳು ಒಮ್ಮೆಗೇ ಹೊರಬರುತ್ತವೆ. ಹುರಿಯುವ, ಪುಡಿ ಮಾಡುವ, ದಾಸ್ತಾನಿಡುವ ಜಾಗದಲ್ಲಿ ಎದುರುಬದುರು ಕಿಟಕಿಗಳೂ, ಗಾಳಿ ಹೊರದೂಡುವ ಫ್ಯಾನೂ ಇರಲೇಬೇಕು. ಹುರಿದ ಬೀಜ ತುಂಬಿದ ದೊಡ್ಡ ಡ್ರಮ್ಮಿನೊಳಗೆ ತಲೆ ಹಾಕಿ ವಾಸನೆ ನೋಡುವ ಅಭ್ಯಾಸ ಬೇಡ. ತಲೆನೋವು, ತಲೆಸುತ್ತು ಬಂದರೆ ಕೂಡಲೇ ಹೊರಗೆ ಬರಬೇಕು.

ಮಸಾಲೆಯನ್ನು ಸಿದ್ಧಪಡಿಸುವುದು

ಕಾಫಿ ಬೀಜ ಬೆಂಕಿಯ ಮೇಲೆ ಹಾದುಬರುತ್ತದೆ; ಮಸಾಲೆ ಹಾಗಲ್ಲ. ಕಣದಲ್ಲಿ ಮಸಾಲೆಗೆ ಅಂಟಿದ ಸೂಕ್ಷ್ಮಾಣು ಪೊಟ್ಟಣದವರೆಗೂ ಬರುತ್ತದೆ. ಆದ್ದರಿಂದ ಸಗಣಿ ಸಾರಿಸಿದ ನೆಲದ ಮೇಲೆ ಒಣಗಿಸಿದ ಶುಂಠಿ, ಮೆಣಸನ್ನು ಈ ಕೆಲಸಕ್ಕೆ ಬಳಸಕೂಡದು. ಶುಚಿಯಾದ ಸಿಮೆಂಟ್ ಕಣದ ಮೇಲೆ ಟಾರ್ಪಾಲು ಹಾಸಿ, ಇಲ್ಲವೇ ಎತ್ತರದ ಜಾಲರಿ ಮಂಚದ ಮೇಲೆ ಒಣಗಿಸಬೇಕು. ಕೋಳಿ, ನಾಯಿ ಬಾರದಂತೆ ನೋಡಿಕೊಳ್ಳಬೇಕು.

ಏಲಕ್ಕಿ: ಸುವಾಸನೆಯ ಎಣ್ಣೆ ಇರುವುದು ಕಾಳಿನಲ್ಲಿ. ಇಡಿಕಾಯಿಯಾಗಿಯೇ ದಾಸ್ತಾನಿಟ್ಟು, ಬಳಸುವ ದಿನ ಮಾತ್ರ ಸಿಪ್ಪೆ ಬಿಡಿಸಿ ಪುಡಿ ಮಾಡಬೇಕು. ಕಾಳುಗಳನ್ನು ಮೊದಲೇ ಬಿಡಿಸಿಟ್ಟರೆ ವಾಸನೆ ಹಾರಿಹೋಗುತ್ತದೆ.

ಶುಂಠಿ: ಎಂಟು ತಿಂಗಳು ಬಲಿತ ಗಡ್ಡೆಯ ಸಿಪ್ಪೆ ಕೆರೆದು, ತೊಳೆದು, ಮುರಿದರೆ ಟಕ್ಕೆಂದು ಶಬ್ದ ಬರುವವರೆಗೆ ಒಣಗಿಸಬೇಕು. ಸುಣ್ಣ ಬಳಿದ ಶುಂಠಿ ಬೇಡ.

ಕಾಳುಮೆಣಸು: ತೇವಾಂಶ ಶೇಕಡಾ 10ರಿಂದ 11 ಇರಲಿ. ಜೊಳ್ಳು ಮೆಣಸನ್ನು ಜಾಲಿಸಿ ತೆಗೆಯಬೇಕು.

ದಾಲ್ಚಿನ್ನಿ: ಅಂಗಡಿಯಲ್ಲಿ ಸಿಗುವ ದಪ್ಪ ಒರಟು ಚಕ್ಕೆ ಬಹುಮಟ್ಟಿಗೆ ಕ್ಯಾಸಿಯಾ ಜಾತಿಯದು. ಅದರಲ್ಲಿರುವ ಕೌಮರಿನ್ ಎಂಬ ಅಂಶ ಹೆಚ್ಚಾದರೆ ಯಕೃತ್ತಿಗೆ ಹಾನಿ. ತೆಳುವಾದ ಪದರಗಳು ಸುರುಳಿ ಸುತ್ತಿದಂತಿರುವ ನಿಜವಾದ ದಾಲ್ಚಿನ್ನಿಯನ್ನೇ ಆರಿಸಬೇಕು.

ಏಲಕ್ಕಿ, ಮೆಣಸಿಗೆ ಔಷಧಿ ಸಿಂಪಡಿಸಿದ್ದರೆ ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನು ಕಟ್ಟುನಿಟ್ಟಾಗಿ ಬಿಟ್ಟಿರಬೇಕು. ಈ ಲೆಕ್ಕ ಬರೆದಿಡದ ಮಾಲನ್ನು ಸುವಾಸನೆಗೆ ಬಳಸುವುದಕ್ಕಿಂತ ಬಿಡುವುದೇ ಒಳ್ಳೆಯದು.

ಬೆರೆಸುವ ಪ್ರಮಾಣ

ಒಂದು ಕಿಲೋಗ್ರಾಂ ಕಾಫಿಪುಡಿಗೆ ಪ್ರಯೋಗಾರ್ಥವಾಗಿ ಈ ಪ್ರಮಾಣಗಳಿಂದ ಆರಂಭಿಸಬಹುದು.

ಏಲಕ್ಕಿ ಕಾಳು: 15ರಿಂದ 20 ಗ್ರಾಂ
ಒಣಶುಂಠಿ: 20ರಿಂದ 30 ಗ್ರಾಂ
ಕಾಳುಮೆಣಸು: 5 ಗ್ರಾಂ
ದಾಲ್ಚಿನ್ನಿ: 10 ಗ್ರಾಂ
ಜಾಯಿಕಾಯಿ: 2 ಗ್ರಾಂ

ಇವೆಲ್ಲವನ್ನೂ ಒಟ್ಟಿಗೆ ಹಾಕಬೇಕೆಂದಲ್ಲ. ಒಂದು ಪುಡಿಗೆ ಒಂದು, ಹೆಚ್ಚೆಂದರೆ ಎರಡು ಮಸಾಲೆ ಸಾಕು. ಮೊದಲು 100 ಗ್ರಾಂನಷ್ಟು ಮಾತ್ರ ಬೆರೆಸಿ, ಮಸಾಲೆಯ ಪ್ರಮಾಣ ಕಡಿಮೆ, ನಡು, ಹೆಚ್ಚು ಎಂದು ಮೂರು ಬಗೆ ಮಾಡಿಕೊಳ್ಳಿ. ಮೂರು ಲೋಟಗಳಿಗೆ ಗುರುತು ಹಾಕಿ, ಯಾವುದು ಯಾವುದೆಂದು ಹೇಳದೆ, ಮನೆಯವರಲ್ಲದ ಹತ್ತು ಜನರಿಗೆ ಕೊಡಿ. ಮನೆಯವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಹಾಲು ಹಾಕಿಯೂ, ಹಾಕದೆಯೂ ಕೊಟ್ಟು ನೋಡಬೇಕು. ಹಾಲು ಮಸಾಲೆಯ ತೀಕ್ಷ್ಣತೆಯನ್ನು ತಗ್ಗಿಸುತ್ತದೆ. ನಮ್ಮ ಕಡೆಯ ಫಿಲ್ಟರಿನಲ್ಲಿ ಹಾಕಿ ಡಿಕಾಕ್ಷನ್ ಇಳಿಯುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಮಸಾಲೆಯನ್ನು ತೀರ ನುಣ್ಣಗೆ ಪುಡಿ ಮಾಡಿದರೆ ಫಿಲ್ಟರಿನ ರಂಧ್ರ ಕಟ್ಟಿಕೊಳ್ಳುತ್ತದೆ. ಕಾಫಿ ಪುಡಿಯಷ್ಟೇ ತರಿ ಇರಲಿ. ಮಸಾಲೆಗೂ ಕಾಫಿಗೂ ಬೇರೆಬೇರೆ ಪುಡಿ ಯಂತ್ರ ಇಟ್ಟುಕೊಳ್ಳುವುದು ಅವಶ್ಯ. ಒಮ್ಮೆ ಏಲಕ್ಕಿ ಹಾಕಿದ ಯಂತ್ರದಿಂದ ಶುದ್ಧ ಕಾಫಿ ತೆಗೆಯುವುದು ಬಹಳ ಕಷ್ಟ.

ಯಾವ ಋತುವಿಗೆ ಯಾವುದು?

ತೋಟದ ಕೊಯ್ಲಿಗೂ ಮಾರಾಟದ ಋತುವಿಗೂ ಹೊಂದಿಕೆ ಮಾಡಿಕೊಳ್ಳುವುದರಲ್ಲೇ ಈ ಉದ್ಯಮದ ಲಾಭ ಅಡಗಿದೆ.

ಅಕ್ಟೋಬರ್-ನವೆಂಬರ್: ಏಲಕ್ಕಿ ಕೊಯ್ಲಿನ ಕಾಲ. ಹೊಸ ಏಲಕ್ಕಿಯ ಪರಿಮಳ ಜೋರಾಗಿರುತ್ತದೆ. ದೀಪಾವಳಿಯ ಉಡುಗೊರೆಗೆ ಏಲಕ್ಕಿ ಕಾಫಿ. ಇದಕ್ಕೆ ಹಿಂದಿನ ಹಂಗಾಮಿನ ಪಾರ್ಚ್‌ಮೆಂಟನ್ನು ಕಾಪಾಡಿ ಇಟ್ಟುಕೊಂಡಿರಬೇಕು.

ಡಿಸೆಂಬರ್-ಫೆಬ್ರವರಿ: ಚಳಿಗಾಲಕ್ಕೆ ದಾಲ್ಚಿನ್ನಿ, ಜಾಯಿಕಾಯಿ. ಕಾಫಿ ಕೊಯ್ಲಿನ ಕಾಲವೂ ಇದೇ. ಕೈತುಂಬ ಕೆಲಸವಿರುವುದರಿಂದ ಸ್ವಲ್ಪವೇ ಮಾಡಿರಿ. ಈ ತಿಂಗಳುಗಳಲ್ಲೇ ಶುಂಠಿಯನ್ನು ಒಣಗಿಸಿ ಮಳೆಗಾಲಕ್ಕೆ ಸಿದ್ಧವಾಗಿಡಬೇಕು.

ಮಾರ್ಚ್-ಮೇ: ಹೂಮಳೆಯ ಕಾಲ. ಪ್ರವಾಸಿಗರು ಹೆಚ್ಚು. ಸುವಾಸನೆ ಇಲ್ಲದ ಶುದ್ಧ ಅರೇಬಿಕಾ, ತಣ್ಣನೆಯ ಕಾಫಿಗೆ ತಕ್ಕ ತರಿಪುಡಿ. ಹೊಸ ಮೆಣಸನ್ನು ಒಣಗಿಸಿ ಇಟ್ಟುಕೊಳ್ಳುವ ಕಾಲ.

ಜೂನ್-ಸೆಪ್ಟೆಂಬರ್: ರೋಬಸ್ಟಾಕ್ಕೆ ಶುಂಠಿ ಮತ್ತು ಮೆಣಸು. ಗಿರಾಕಿ ಹೆಚ್ಚಿರುವ ಕಾಲ; ಪುಡಿ ಕೆಡುವ ಕಾಲವೂ ಅದೇ.

ಚಹಾದ ವಿಷಯ

ನಮ್ಮ ರಾಜ್ಯದಲ್ಲಿ ಚಹಾ ತೋಟಗಳು ಕೆಲವೇ. ಆದ್ದರಿಂದ ಹೆಚ್ಚಿನವರು ಚಹಾ ಎಲೆಯನ್ನು ನೀಲಗಿರಿಯಂತಹ ಕಡೆಗಳಿಂದ ಕೊಂಡುತಂದು ಶುಂಠಿ, ತುಳಸಿ, ನಿಂಬೆಹುಲ್ಲು ಬೆರೆಸುತ್ತಾರೆ. ಒಣ ಚಹಾ ಎಲೆಯಲ್ಲಿ ತೇವಾಂಶ ಬಹಳ ಕಡಿಮೆ. ಅದು ಸುತ್ತಲಿನ ತೇವವನ್ನೂ ವಾಸನೆಯನ್ನೂ ಬೇಗ ಹೀರಿಕೊಳ್ಳುತ್ತದೆ. ಚೀನಾದ ಫೂಝೌ ನಗರದ ಸುತ್ತಮುತ್ತ ಮಲ್ಲಿಗೆ ಚಹಾ ಮಾಡುವವರು ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ಸಂಜೆ ಬಿರಿಯಲಿರುವ ಮೊಗ್ಗನ್ನು ಎಲೆಯೊಡನೆ ಪದರಪದರವಾಗಿ ಹರಡಿ, ರಾತ್ರಿಯಿಡೀ ಇಟ್ಟು, ಹೂವನ್ನು ಬೇರ್ಪಡಿಸಿ, ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಹೀಗೆ ಹಲವು ಬಾರಿ ಮಾಡುತ್ತಾರೆ.

ನಮ್ಮಲ್ಲೂ ಮೈಸೂರು, ಉಡುಪಿ, ಹಡಗಲಿಗಳ ಹೆಸರಾಂತ ಮಲ್ಲಿಗೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರಯತ್ನಿಸಬಹುದು. ಆದರೆ ಮುಡಿಯಲು ಬೆಳೆಯುವ ಮಲ್ಲಿಗೆಗೆ ಮೊಗ್ಗು ಕೊರೆಯುವ ಹುಳುವಿನ ಹತೋಟಿಗೆ ಔಷಧಿ ಸಿಂಪಡಿಸಿರುತ್ತಾರೆ. ಪೇಟೆಯ ಹೂವನ್ನು ಚಹಾಕ್ಕೆ ಬಳಸಲೇಬಾರದು. ಸಿಂಪರಣೆ ಇಲ್ಲದೆ ಬೆಳೆದ ಹೂವು ಕೈಯಲ್ಲಿದ್ದರೆ ಮಾತ್ರ ಈ ಯೋಚನೆ ಮಾಡಿರಿ. ಇನ್ನೊಂದು ಮಾತು: ಚಹಾ ಎಲೆಯೇ ಇಲ್ಲದ ತುಳಸಿ-ಶುಂಠಿ ಮಿಶ್ರಣವನ್ನು ಕಷಾಯದ ಪುಡಿ ಎಂದೇ ಹೆಸರಿಸಬೇಕು, ಚಹಾ ಎನ್ನಬಾರದು.

ನಮ್ಮ 40 ಕಿಲೋಗ್ರಾಂ ಏಕೆ ಕೆಟ್ಟಿತು?

ಈಗ ಮೊದಲು ಹೇಳಿದ ನಷ್ಟಕ್ಕೆ ಬರೋಣ. ತಪ್ಪುಗಳು ಮೂರು.

ಮೊದಲನೆಯದು, ಹುರಿದ ದಿನವೇ ಪುಡಿ ಮಾಡಿ, ಬಿಸಿ ಆರುವ ಮುನ್ನ ಪೊಟ್ಟಣ ಕಟ್ಟಿ ಬೆಸೆದದ್ದು. ಕಾಫಿಯೊಳಗಿನ ಅನಿಲ ಹೊರಬಂದು ಪೊಟ್ಟಣ ಉಬ್ಬಿತು. ಪುಡಿ ಕೆಟ್ಟಿರಲಿಲ್ಲ, ಆದರೆ ಉಬ್ಬಿದ ಪೊಟ್ಟಣವನ್ನು ಕೆಟ್ಟದ್ದೆಂದು ಅಂಗಡಿಯವರು ತಿಳಿದದ್ದರಲ್ಲಿ ತಪ್ಪಿಲ್ಲ. ಹುರಿದ ಬೀಜವನ್ನು ಒಂದೆರಡು ದಿನ, ಗಾಳಿಯಾಡುವ ಕೋಣೆಯಲ್ಲಿ, ಸಡಿಲವಾಗಿ ಮುಚ್ಚಿದ ಡಬ್ಬಿಯಲ್ಲಿ ಇರಿಸಿ ನಂತರ ಪುಡಿ ಮಾಡಬೇಕು. ಒಳಗಿನ ಅನಿಲ ಹೊರಹೋಗಿ ಹೊರಗಿನ ಗಾಳಿ ಒಳಬಾರದಂತಹ ಏಕಮುಖ ಕವಾಟವಿರುವ ಪೊಟ್ಟಣಗಳು ಈಗ ದೊರೆಯುತ್ತವೆ. ಅವನ್ನು ಬಳಸುವುದು ಮೇಲು.

ಎರಡನೆಯದು, ಬೆಲ್ಲದ ಪುಡಿಯನ್ನು ಕಾಫಿಯೊಡನೆ ಬೆರೆಸಿದ್ದು. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಶೇಕಡಾ 90ನ್ನು ದಾಟುತ್ತದೆ. ಬೆಲ್ಲ ಆ ತೇವವನ್ನು ಎಳೆದುಕೊಂಡು ನೀರಾಡುತ್ತದೆ, ಕಾಫಿಪುಡಿ ಅದರಲ್ಲಿ ನೆನೆದು ಗಟ್ಟಿಯಾಗುತ್ತದೆ. ಬೆಲ್ಲವನ್ನು ಬೆರೆಸಕೂಡದು. ಬೇಕಿದ್ದರೆ ಬೆಲ್ಲದ ಅಚ್ಚನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಜೊತೆಗೆ ಕೊಡಬಹುದು.

ಮೂರನೆಯದು, ಬೇಡಿಕೆ ತಿಳಿಯದೆ ಒಮ್ಮೆಗೇ 40 ಕಿಲೋಗ್ರಾಂ ಮಾಡಿದ್ದು. ಮೊದಲೆರಡು ತಪ್ಪುಗಳು ವಿಜ್ಞಾನಕ್ಕೆ ಸೇರಿದವು. ಈ ಮೂರನೆಯದು ದುರಾಸೆಗೆ ಸೇರಿದ್ದು. ಹಸಿರು ಬೇಳೆ ತಿಂಗಳುಗಟ್ಟಲೆ ಇರುತ್ತದೆ. ಹುರಿದ ಬೀಜದ ಪರಿಮಳ ಕೆಲವು ವಾರ, ಪುಡಿಯದು ಅದಕ್ಕಿಂತ ಕಡಿಮೆ. ಹೀಗಿರುವಾಗ ಮಾಲನ್ನು ಬೇಳೆಯ ರೂಪದಲ್ಲೇ ಇಟ್ಟುಕೊಂಡು, ಕೇಳಿಕೆ ಬಂದಷ್ಟನ್ನೇ ಹುರಿಯಬೇಕು.

ಖರ್ಚಿನ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ರೀತಿ ತಿಳಿಯಲೆಂದು ಇಟ್ಟುಕೊಂಡವು, ಮಾರುಕಟ್ಟೆಯ ದರಗಳಲ್ಲ. ನಿಮ್ಮ ದರಗಳನ್ನು ಹಾಕಿ ನೀವೇ ಲೆಕ್ಕ ಮಾಡಿಕೊಳ್ಳಬೇಕು.

100 ಕಿಲೋಗ್ರಾಂ ಬೇಳೆ ಇದೆ, ಅದನ್ನು ಹಾಗೆಯೇ ಮಾರಿದರೆ ಕಿಲೋಗೆ 400 ರೂಪಾಯಿಯಂತೆ 40,000 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳೋಣ. ದೋಷವಿರುವ 5 ಕಿಲೋಗ್ರಾಂ ಆರಿಸಿ ತೆಗೆದರೆ 95 ಕಿಲೋಗ್ರಾಂ ಉಳಿಯುತ್ತದೆ. ಹುರಿಯುವಾಗ ಶೇಕಡಾ 16ರಷ್ಟು ತೂಕ ಹೋದರೆ ಸಿಗುವುದು ಸುಮಾರು 80 ಕಿಲೋಗ್ರಾಂ. ಅಂದರೆ ಬೆಂಕಿ ಹಚ್ಚಿದ ಖರ್ಚನ್ನೂ ಸೇರಿಸುವ ಮೊದಲೇ ನಿಮ್ಮ 400 ರೂಪಾಯಿಯ ಕಾಫಿ 500 ರೂಪಾಯಿಯದಾಯಿತು. ಇದಕ್ಕೆ ಕಿಲೋಗ್ರಾಂ ಒಂದಕ್ಕೆ ಏಲಕ್ಕಿ 50, ಅನಿಲ ಮತ್ತು ವಿದ್ಯುತ್ 25, ಪೊಟ್ಟಣ ಮತ್ತು ಲೇಬಲ್ 40, ಕೂಲಿ 60, ಸಾಗಣೆ 25 ರೂಪಾಯಿ ಸೇರಿಸಿದರೆ 700 ರೂಪಾಯಿ. ಹತ್ತರಲ್ಲಿ ಒಂದು ಪೊಟ್ಟಣ ಮಾರಾಟವಾಗದೆ ಹಿಂದಕ್ಕೆ ಬಂದರೆ ಉಳಿದ ಒಂಬತ್ತು ಅದರ ಖರ್ಚನ್ನೂ ಹೊರಬೇಕು. ಆಗ ಅಸಲು ಸುಮಾರು 778 ರೂಪಾಯಿ. ಇದರ ಮೇಲೆ ಅಂಗಡಿಯವರ ಪಾಲು, ಯಂತ್ರದ ಸಾಲದ ಬಡ್ಡಿ, ತೆರಿಗೆ.

ಈ ಲೆಕ್ಕ ಹೆದರಿಸಲು ಕೊಟ್ಟದ್ದಲ್ಲ. ಅನೇಕರು ಬೇಳೆಯ ಬೆಲೆಗೂ ಪೊಟ್ಟಣದ ಬೆಲೆಗೂ ಇರುವ ಅಂತರವೆಲ್ಲ ಲಾಭವೆಂದು ತಿಳಿದು ಸಾಲ ಮಾಡುತ್ತಾರೆ. ತೂಕದ ನಷ್ಟ, ಮನೆಯವರ ದುಡಿಮೆ, ಹಿಂದಕ್ಕೆ ಬಂದ ಪೊಟ್ಟಣ, ಈ ಮೂರನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮನೆಯ ಹೆಂಗಸರ ದುಡಿಮೆಗೆ ಕೂಲಿ ಬರೆಯದ ಲೆಕ್ಕ ಲೆಕ್ಕವೇ ಅಲ್ಲ.

ಮೊದಲ ವರ್ಷ ಯಂತ್ರ ಕೊಳ್ಳದೆ, ಹುರಿದುಕೊಡುವವರಲ್ಲಿ ಬಾಡಿಗೆ ಕೊಟ್ಟು ತಿಂಗಳಿಗೆ 10 ಕಿಲೋಗ್ರಾಂನಂತೆ ಹುರಿಸಿ, ಮಾರಿ ನೋಡಿರಿ. ಒಂದು ವರ್ಷದ ಎಲ್ಲ ಋತುಗಳಲ್ಲಿ ಅದು ಮಾರಾಟವಾದರೆ ಯಂತ್ರದ ಮಾತು ಎತ್ತಬಹುದು.

ನೋಂದಣಿ ಮತ್ತು ಲೇಬಲ್

ಮಾರಾಟಕ್ಕೆ ಮುನ್ನ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ, ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಮಸಾಲೆ ಬೆರೆಸಿದ್ದನ್ನು ಶುದ್ಧ ಕಾಫಿ ಎಂದು ಬರೆಯುವಂತಿಲ್ಲ. ಯಾವ ವರ್ಗದಡಿ ನೋಂದಾಯಿಸಬೇಕು ಎಂಬುದನ್ನು ಲೇಬಲ್ ಅಚ್ಚು ಹಾಕಿಸುವ ಮೊದಲೇ ಆಹಾರ ಸುರಕ್ಷತಾ ಅಧಿಕಾರಿಯಲ್ಲಿ ಕೇಳಿರಿ. ಚಿಕೋರಿ ಬೆರೆಸಿದರೆ ಕಾಫಿಯ ಪ್ರಮಾಣ ಶೇಕಡಾ 51ಕ್ಕಿಂತ ಕಡಿಮೆ ಇರಕೂಡದು. ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಕಾಣುವಂತೆ ಬರೆಯಬೇಕು. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಆ ಹೆಸರುಗಳನ್ನು ಮನಬಂದಂತೆ ಬಳಸಬಾರದು. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಹುರಿದ ದಿನಾಂಕವನ್ನೂ ಅಚ್ಚು ಹಾಕಿಸಿರಿ. ಒಳ್ಳೆಯ ಗಿರಾಕಿ ಮೊದಲು ನೋಡುವುದು ಅದನ್ನೇ.

ಬೇಸಾಯ, ಸಂಸ್ಕರಣೆಯ ವಿಷಯದಲ್ಲಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಮತ್ತು ನಿಮ್ಮ ಸಮೀಪದ ಕಾಫಿ ಮಂಡಳಿಯ ವಿಸ್ತರಣಾ ಕಛೇರಿಯ ಸಲಹೆ ಪಡೆಯಬಹುದು. ಹುರಿಯುವುದು, ರುಚಿ ಪರೀಕ್ಷಿಸುವುದರ ಬಗ್ಗೆ ಕಾಫಿ ಮಂಡಳಿಯು ಬೆಂಗಳೂರಿನಲ್ಲಿ 'ಕಾಪಿ ಶಾಸ್ತ್ರ' ಎಂಬ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಮುಂದಿನ ತರಬೇತಿ ಯಾವಾಗ ಎಂಬುದನ್ನು ವಿಚಾರಿಸಿ, ಮನೆಯಲ್ಲಿ ಪುಡಿಯ ಕೆಲಸ ಯಾರು ಮಾಡುತ್ತಾರೋ ಅವರನ್ನೇ ಕಳುಹಿಸಿರಿ.

ನಮ್ಮ ಮನೆಯ ಯಂತ್ರ ಎರಡು ವರ್ಷ ಮೂಲೆಯಲ್ಲಿ ಕುಳಿತಿತ್ತು. ಈಗ ಮತ್ತೆ ತಿರುಗುತ್ತಿದೆ. ತಿಂಗಳಿಗೆ ಹನ್ನೆರಡು ಕಿಲೋಗ್ರಾಂ, ಅದಕ್ಕಿಂತ ಹೆಚ್ಚಿಲ್ಲ. ಯಾರು ಎಷ್ಟು ಕೇಳಿದ್ದಾರೆಂದು ಅತ್ತಿಗೆ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಅಣ್ಣ ಒಲೆ ಹಚ್ಚುತ್ತಾನೆ. ಕಳೆದ ಮಳೆಗಾಲದಲ್ಲಿ ಶುಂಠಿ ಕಾಫಿಯ ಒಂದು ಪೊಟ್ಟಣವೂ ಹಿಂದಕ್ಕೆ ಬರಲಿಲ್ಲ. ಬೆಲ್ಲದ ಅಚ್ಚು ಮಾತ್ರ ಇನ್ನೂ ಬೇರೆ ಪೊಟ್ಟಣದಲ್ಲೇ ಹೋಗುತ್ತಿದೆ.